ಹಗ್ಗದ ಮೇಲಿನ ಸೆರಗಿನ ತುಂಡು

ಹೆರಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ನೀಲಿಯಜ್ಜಿಯ ಹಗ್ಗಕ್ಕೂ ಪಕ್ಕದ ಹಣ್ಣಿನ ತೋಟಕ್ಕೂ ನಡುವೆ ಒಂದು ಬೇಲಿಯಷ್ಟೇ. ಹೋದ ವರ್ಷ ಕೀಟನಾಶಕ ಬಟ್ಟೆಗೆ ತಾಗಿ ಹಸುಗೂಸುಗಳ ಮೈಯೆಲ್ಲ ದದ್ದು ಎದ್ದಾಗ, ಅವಳು ತೋಟದ ಯಜಮಾನನ ಬಾಗಿಲಲ್ಲಿ ಪಟ್ಟು ಹಿಡಿದು ಕೂತು, ಔಷಧಿ ಹೊಡೆಯುವ ಹಿಂದಿನ ದಿನವೇ ಚೀಟಿ ಬರುವಂತೆ ಮಾಡಿದ್ದಳು. ಚೀಟಿ ಬಂದರೆ ಮರುದಿನ ಹಗ್ಗದ ಮೇಲೆ, ಗಾಳಿ ಯಾವ ಕಡೆಗೆಂದು ನೋಡಲು, ಹಳೆಯ ಸೆರಗಿನ ತುಂಡೊಂದೇ ಇರುತ್ತಿತ್ತು.

ಇಂದು ಆ ತುಂಡು ಆಸ್ಪತ್ರೆಯ ತೆರೆದ ಕಿಟಕಿಗಳತ್ತ ಪಟಪಟನೆ ಹಾರುತ್ತಿತ್ತು. ಬೇಲಿಯಾಚೆ ಒಬ್ಬ ಔಷಧಿಯ ಪಂಪು ಬೆನ್ನಿಗೇರಿಸಿಕೊಂಡಿದ್ದ. ಅಜ್ಜಿ ಬೇಲಿಯ ಬಳಿಗೆ ಓಡಿದಳು.

"ಏ ತಮ್ಮಾ, ಪಂಪು ಇಳಿಸು!"

"ನಿನ್ನೇನೇ ಚೀಟಿ ಕೊಟ್ಟಿದ್ದೀನಲ್ಲಜ್ಜೀ!" ಎಂದ ಔಷಧಿ ಹೊಡೆಯುವವನು.

"ನನಗೆ ಕೊಟ್ಟೆ. ಗಾಳಿಗೆ ಕೊಟ್ಟಿದ್ದೀಯಾ?"

ಅವನು ಸೆರಗಿನ ತುಂಡು ನೋಡಿದ, ಕಿಟಕಿಗಳನ್ನು ನೋಡಿದ, ನಗುತ್ತ ಪಂಪು ಇಳಿಸಿದ.

"ನಾಳೆಗೆ ಹೊಸ ಚೀಟಿ ಬರಕೊಡು" ಎಂದ ಅಜ್ಜಿ, ಖಾಲಿ ಹಗ್ಗದ ತುಂಬ ಕೂಸುಗಳ ಬಟ್ಟೆ ಹರವತೊಡಗಿದಳು.