ಬೈಂಡಿಂಗ್ ಅಕ್ಕನ ಜೋಡಿ

ಸೂಜಿಗೆ ದಾರ ಪೋಣಿಸುವ ಮೊದಲು ಬೈಂಡಿಂಗ್ ಅಕ್ಕ ಕಣ್ಣು ಮುಚ್ಚಿ ಒಂದು ಉಸಿರಿನಷ್ಟು ಪ್ರಾರ್ಥನೆ ಮಾಡುತ್ತಿದ್ದಳು. ಇಪ್ಪತ್ತೆರಡು ವರ್ಷಗಳಲ್ಲಿ ಒಂದು ದಿನವೂ ತಪ್ಪಿಸಿದವಳಲ್ಲ. ಈಚೆಗೆ ಉಸಿರು ಗಿಡ್ಡವಾಗಿತ್ತು, ಪ್ರಾರ್ಥನೆಯೂ ಗಿಡ್ಡವಾಯಿತು. ಭಗವಂತ ಪುಟ ಎಣಿಸುವವನಲ್ಲ ಎಂದುಕೊಂಡು ಅವಳು ಸುಮ್ಮನಾದಳು.

ಹಳೆಯ ಪುಸ್ತಕಗಳ ಮುರಿದ ಬೆನ್ನು ಸರಿಮಾಡುವುದು ಅವಳ ಕಸುಬು. ಅಂಗಡಿ ಮಹಡಿಯ ಮೇಲೆ, ಮೂವತ್ತೊಂದು ಮೆಟ್ಟಿಲು. ಎರಡು ವರ್ಷದಿಂದ ಹದಿನಾಲ್ಕನೆಯದರಲ್ಲಿ ಗೋಡೆ ಹಿಡಿದು ನಿಲ್ಲಬೇಕಾಗಿತ್ತು. ಡಾಕ್ಟರು ಅದಕ್ಕೆ ಸಾರ್ಕಾಯ್ಡೋಸಿಸ್ ಎಂದು ಹೆಸರು ಹೇಳಿದರು. ಮೈಯ ಕಾವಲುಗಾರರೇ ದಾರಿ ತಪ್ಪಿ ಶ್ವಾಸಕೋಶದಲ್ಲಿ ಸಣ್ಣ ಸಣ್ಣ ಗಂಟು ಕಟ್ಟುವ ಕಾಯಿಲೆಯಂತೆ. ಗಂಟು ಎಕ್ಸ್‌ರೇಯಲ್ಲಿ ಕಾಣುತ್ತಿತ್ತು, ಸುಸ್ತು ಕಾಣುತ್ತಿರಲಿಲ್ಲ. ಕೆಳಗಿನ ಕೋಣೆಯಲ್ಲಿ ಕೂತು ಹೊಲಿಯುತ್ತೇನೆ ಎಂದರೆ ಅಂಗಡಿಯ ಯಜಮಾನ, ಮಾತ್ರೆ ನುಂಗಿ ದುಂಡಗಾಗಿದ್ದ ಅವಳ ಮುಖ ನೋಡಿ, ಕಲ್ಲುಗುಂಡಿನ ಹಾಗಿದ್ದೀಯಲ್ಲ ಎನ್ನುತ್ತಿದ್ದ.

ಹಾಗಾಗಿ ಆಸ್ಪತ್ರೆಯವರು ಸಂಶೋಧನೆಗೆ ಕರೆದಾಗ ಅವಳು ಎರಡು ಮಾತಾಡಲಿಲ್ಲ. ರೋಗಿಗಳನ್ನೂ ಆರೋಗ್ಯವಂತರನ್ನೂ ಜೋಡಿಜೋಡಿಯಾಗಿ ಕೂರಿಸಿ ಉಸಿರು, ನಡಿಗೆ, ಸುಸ್ತು ಎಲ್ಲ ಅಳೆದು, ಇಬ್ಬರದನ್ನೂ ಒಂದೇ ಹಾಳೆಯಲ್ಲಿ ಬರೆದುಕೊಡುತ್ತಾರಂತೆ. ಆ ಹಾಳೆಯನ್ನು ಯಜಮಾನನ ಮೂಗಿನ ಕೆಳಗೆ ಹಿಡಿದರೆ ಕೆಳಗಿನ ಕೋಣೆ ಸಿಕ್ಕಂತೆಯೇ. ಆದರೆ ಜೋಡಿಯನ್ನು ಅವಳೇ ತರಬೇಕು. ಹೆಂಗಸಾಗಿರಬೇಕು, ಹೆಚ್ಚುಕಡಿಮೆ ಅದೇ ವಯಸ್ಸಿರಬೇಕು, ರಕ್ತಸಂಬಂಧ ಇರಬಾರದು, ಕಾಯಿಲೆಯಂತೂ ಇರಲೇಬಾರದು.

ಆರೋಗ್ಯವಂತರು ಬೇಕು ಎಂದದ್ದೇ ತಡ, ಬೀದಿಗೆ ಬೀದಿಯೇ ಕೆಮ್ಮತೊಡಗಿತು. ನಿನ್ನೆಯವರೆಗೂ ಗಟ್ಟಿಮುಟ್ಟಾಗಿದ್ದ ಎದುರುಮನೆಯಾಕೆಗೆ ಮಂಡಿ ಹಿಡಿಯಿತು. ದರ್ಜಿಯ ಹೆಂಡತಿ, ಚೆನ್ನಾಗಿದ್ದೇನೆ ಅಂತ ಬರೆಸಿಕೊಂಡವರು ಚೆನ್ನಾಗಿ ಉಳಿದದ್ದುಂಟೇ ಎಂದು ಬಾಗಿಲು ಹಾಕಿಕೊಂಡಳು. ಉಳಿದವಳು ಮನೆಯಲ್ಲೇ ಇದ್ದ ಓರಗಿತ್ತಿ, ಮೈದುನನ ಹೆಂಡತಿ. ಕೂತರೂ ಉಸ್ಸಪ್ಪಾ, ನಿಂತರೂ ಉಸ್ಸಪ್ಪಾ ಎನ್ನುವ ಅವಳಿಗೆ ಸುಸ್ತಮ್ಮ ಎಂದು ಅಡ್ಡಹೆಸರಿಟ್ಟವಳು ಅಕ್ಕನೇ. ವಿಷಯ ಕೇಳಿ ಸುಸ್ತಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಂಡಳು.

"ಬರ್ತೀನಿ ಬಿಡಕ್ಕ. ಅವತ್ತೊಂದು ದಿನ ಕೂರೋಕಾದ್ರೂ ಸಿಗುತ್ತೆ."

ಆಸ್ಪತ್ರೆಯಲ್ಲಿ ಅವಳು ಕೊಳವೆಗೆ ಊದಿದ ರಭಸಕ್ಕೆ ಯಂತ್ರದ ಗೆರೆ ಸೂರು ಮುಟ್ಟುವಂತೆ ಏರಿತು. ಕಮ್ಮಾರನ ತಿದಿಯಂಥ ಶ್ವಾಸಕೋಶ ಎಂದು ನರ್ಸ್ ಮೆಚ್ಚಿದಳು. ಅಕ್ಕನಿಗೆ ಖುಷಿಯೋ ಖುಷಿ. ಇಬ್ಬರ ನಡುವೆ ಅಂತರ ಹೆಚ್ಚಿದಷ್ಟೂ ಅವಳಿಗೆ ಒಳ್ಳೆಯದೇ.

ಆಮೇಲೆ ಸುಸ್ತಿನ ಪ್ರಶ್ನೆಗಳು. ತನ್ನದು ಮುಗಿಸಿ ಅಕ್ಕ ಪರದೆಯ ಈಚೆಗೆ ಬಂದು ಚಪ್ಪಲಿ ಮೆಟ್ಟುತ್ತಿದ್ದಾಗ ಆಚೆಯಿಂದ ಮಾತು ಕೇಳಿಸಿತು. ಬೆಳಿಗ್ಗೆ ಏಳುವಾಗಲೇ ಆಯಾಸ ಇರುತ್ತದೆಯೇ ಎಂದು ನರ್ಸ್ ವಿಚಾರಿಸುತ್ತಿದ್ದಳು.

"ಇರುತ್ತೆ. ನಮ್ಮಕ್ಕ ರಾತ್ರಿಯೆಲ್ಲ ಕೆಮ್ತಾಳೆ," ಎಂದಳು ಸುಸ್ತಮ್ಮ. "ಕೆಮ್ಮು ನಿಂತ್ರೆ ನಂಗೆ ಇನ್ನೂ ಭಯ. ಎದ್ದು ಹೋಗಿ ನೋಡ್ತೀನಿ."

"ಮೆಟ್ಟಿಲು ಹತ್ತಿದ್ರೆ?"

"ಬರಿಗೈಲಿ ಹತ್ತಿದ್ದು ಯಾವಾಗ್ಲೋ ನೆನಪಿಲ್ಲ ಕಣಮ್ಮ. ಎರಡು ಸಂಸಾರದ ಬಟ್ಟೆ. ಅವಳ ಕೈಲಿ ಆಗಲ್ವಲ್ಲ. ಇದನ್ನ ಬರ್ಕೋಬೇಡ ಮತ್ತೆ, ಅವಳು ಓದ್ಬಿಟ್ಟಾಳು."

ಅಕ್ಕ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ನಿಂತುಬಿಟ್ಟಳು.

ಸುಸ್ತಮ್ಮ ರಕ್ತ ಕೊಡಲು ಪಕ್ಕದ ಕೋಣೆಗೆ ಹೋದಾಗ ನರ್ಸ್ ಸುಸ್ತಿನ ಅಂಕ ಕೂಡಿಸಿ ನೋಡಿದಳು; ಅಂಕ ಹೆಚ್ಚಿದಷ್ಟೂ ಸುಸ್ತು ಹೆಚ್ಚು. ಐವತ್ತಕ್ಕೆ ರೋಗಿಯದು ಮೂವತ್ಮೂರು, ಆರೋಗ್ಯವಂತೆಯದು ಮೂವತ್ತಾರು. ನಗು ತಡೆಯಲಾರದೆ ಪೆನ್ನು ಬಾಯಿಗೆ ಅಡ್ಡ ಹಿಡಿದಳು. ಒಳ್ಳೆಯ ಮನಸ್ಸಿನ ಹುಡುಗಿ; ಅಕ್ಕನ ಕೆಳಗಿನ ಕೋಣೆಯ ಗೋಳೆಲ್ಲ ಕೇಳಿದ್ದಳು. ಇಲ್ಲಿ ಟೋಕನ್ ಕೊಡುವ ಹೆಂಗಸಿಗೂ ನಿಮ್ಮದೇ ವಯಸ್ಸು, ಮೊನ್ನೆ ಅವಳಿಗೂ ಇದೇ ಪ್ರಶ್ನೆ ಕೇಳಿದ್ದೆ, ಅಂಕ ಬರೀ ಎಂಟು, ಅವಳನ್ನೇ ನಿಮ್ಮ ಜೋಡಿಯೆಂದು ಬರೆದುಬಿಡುತ್ತೇನೆ ಎಂದು ದನಿ ತಗ್ಗಿಸಿದಳು.

ಎಂಟರ ಪಕ್ಕ ಮೂವತ್ಮೂರು ಎಷ್ಟು ಎತ್ತರ ಕಾಣುತ್ತದೆಂಬುದು ಅಕ್ಕನಿಗೆ ತಿಳಿಯದ ಸಂಗತಿಯೇನಲ್ಲ.

"ಬೇಡ ತಾಯಿ," ಎಂದಳು. "ಅವಳು ನಿಜಾನೇ ಹೇಳಿದ್ದಾಳೆ."

"ಯೋಚ್ನೆ ಮಾಡಿ ಅಕ್ಕ. ನಿಮ್ಮ ಸುಸ್ತು ಲೆಕ್ಕಕ್ಕೇ ಇಲ್ಲದ ಹಾಗೆ ಕಾಣುತ್ತೆ."

"ಕಾಣ್ಲಿ ಬಿಡು. ಅವಳ ಜಾಗದಲ್ಲಿ ಯಾರನ್ನೂ ಬರೀಬೇಡ."