ಕಪ್ಪೆ ಪಂಡಿತನ ಸೈಟು

ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ದೂರದ ಕಪ್ಪೆಯೂ ಹಾಗೆಯೇ ಎಂದು ನಾನು ಸೇರಿಸುತ್ತೇನೆ. ಎಂಬತ್ತರ ದಶಕದ ಆರಂಭದಲ್ಲಿ ಪೀಣ್ಯದ ಫೌಂಡ್ರಿಯೊಂದರಲ್ಲಿ ಗುಮಾಸ್ತನಾಗಿದ್ದಾಗ, ನಮ್ಮ ಕನ್ನಡ ಸಂಘದ ರಾಜ್ಯೋತ್ಸವ ಸಂಚಿಕೆಗೆ ಪಶ್ಚಿಮಘಟ್ಟದ ಹಾರುವ ಕಪ್ಪೆಯ ಮೇಲೆ ಲೇಖನ ಬರೆದೆ. ಅದನ್ನು ನಾನು ನೋಡಿದ್ದು ಲೈಬ್ರರಿ ಪುಸ್ತಕದ ಚಿತ್ರದಲ್ಲಿ ಮಾತ್ರ.

ಬರೆಸಿಕೊಳ್ಳಲು ಯೋಗ್ಯವಾದ ಕಪ್ಪೆಯೇ ಅದು. ನೀರಿನ ಮೇಲೆ ಬಾಗಿದ ಕೊಂಬೆ ಹುಡುಕಿ, ಎಲೆಗಳ ನಡುವೆ ನೊರೆಯ ಗೂಡು ಕಟ್ಟಿ ಮೊಟ್ಟೆಯಿಡುತ್ತದೆ. ಮರಿಗಳು ಸೀದಾ ಕೆಳಗಿನ ನೀರಿಗೆ ಉದುರಬೇಕು. ಕೊಂಬೆ ಉಳಿಸಿ ಹೊಂಡ ಮುಚ್ಚಿದರೆ ಮರಿ ಬೀಳುವುದೆಲ್ಲಿಗೆ ಎಂದು ಕೇಳಿ ಲೇಖನ ಮುಗಿಸಿದ್ದೆ. ಮ್ಯಾನೇಜರು ಬೆನ್ನು ತಟ್ಟಿದರು. ನಾಲ್ಕು ದಿನ ಉಬ್ಬಿಕೊಂಡು ಓಡಾಡಿದೆ.

ಅದೇ ವರ್ಷ ಬಾಗಲಗುಂಟೆಯಲ್ಲಿ ಸೈಟು ತಗೊಂಡಿದ್ದೆ. ತಗ್ಗು ಜಾಗ, ಮಳೆ ಬಂದರೆ ನೀರು ನಿಂತು ಕುಂಟೆಯಾಗುತ್ತಿತ್ತು. ಫೌಂಡ್ರಿಯಲ್ಲಿ ಎರಕ ಹೊಯ್ದ ಮೇಲೆ ಸುಟ್ಟ ಮರಳು ಬೇಕಾದಷ್ಟು ಬೀಳುತ್ತಿತ್ತು. ಡ್ರೈವರಿಗೆ ಕಾಫಿ ಕುಡಿಸಿ, ಲಾರಿ ಲಾರಿ ತರಿಸಿ ತುಂಬಿಸಿಬಿಟ್ಟೆ. ಅಲ್ಲಿ ವಟಗುಟ್ಟುತ್ತಿದ್ದವು ಬರೀ ಮಾಮೂಲಿ ಕಪ್ಪೆಗಳು, ಲೇಖನಕ್ಕೆ ತಕ್ಕವು ಘಟ್ಟದಲ್ಲಿರುತ್ತವೆ ಎಂದು ನನ್ನ ಎಣಿಕೆ.

ಮುಂದಿನ ಜೂನಿನಲ್ಲಿ ಮಳೆ ಕೈಕೊಟ್ಟಿತು. ಸೈಟು ಮಾರಿದ್ದ ಪಿಳ್ಳಮ್ಮ ಪಕ್ಕದ ಹೊಲದಲ್ಲಿ ರಾಗಿ ಬಿತ್ತಲು ಕಾದಿದ್ದರು. ನಾನು ಮನೆ ಕಟ್ಟಿಸುತ್ತಿದ್ದಲ್ಲಿಗೆ ಬಂದರು.

"ಸಾ, ಮಳೆಗೆ ಕಪ್ಪೆ ಮದ್ವೆ ಮಾಡ್ಬೇಕು. ಎಷ್ಟು ಉಡುಕಿದ್ರೂ ಜೋಡಿ ಸಿಕ್ನಿಲ್ಲ. ನೀವು ಕಪ್ಪೆ ಬಗ್ಗೆ ಬರ್ದೋರಂತೆ, ಎಲ್ಲವೆ ಅಂತ ಏಳಿ."

ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಜಗಳವಾಡಿ ಬಚಾವಾಗುತ್ತಿದ್ದೆ. ನಾಚಿಕೆಯಿಂದ ಮುಖ ಎತ್ತಲಾಗದೆ, ಸೈಕಲ್ ಹತ್ತಿ ಮಾದನಾಯಕನಹಳ್ಳಿಯವರೆಗೆ ಹೋಗಿ, ಅಲ್ಲಿನ ಕೆರೆಯ ಕೆಸರಿನಲ್ಲಿ ಬಿದ್ದೆದ್ದು ಎರಡು ಕಪ್ಪೆ ತಂದೆ. ಗಂಡು ಯಾವುದು, ಹೆಣ್ಣು ಯಾವುದು ಎಂದು ಪಂಡಿತನಿಗೆ ತಿಳಿಯಲಿಲ್ಲ. ಪಿಳ್ಳಮ್ಮ ನೋಡಿದ ಕೂಡಲೇ ಹೇಳಿದರು.

ಅರಿಸಿನದ ದಾರ ಕಟ್ಟಿ, ಹಾಡಿ, ಮನೆಮನೆಯ ಮುಂದೆ ನೀರು ಹೊಯ್ಸಿಕೊಂಡು ಮದುವೆ ಮುಗಿಯಿತು. ಆಮೇಲೆ ಜೋಡಿಯನ್ನು ನೀರಿಗೆ ಬಿಡುವುದು ಪದ್ಧತಿ. ಹೆಂಗಸರು ತಟ್ಟೆ ಹಿಡಿದು ಸುತ್ತ ನೋಡಿದರು. ನೀರಿದ್ದದ್ದು ಹೊಸ ಗೋಡೆ ಒಣಗದಂತೆ ಹೊಡೆಯಲೆಂದು ನಾನು ತುಂಬಿಸಿದ್ದ ತೊಟ್ಟಿಯಲ್ಲಿ ಮಾತ್ರ.

"ಇಲ್ಲೇ ಬಿಡಾನಾ ಸಾ?" ಎಂದರು ಪಿಳ್ಳಮ್ಮ.

"ಬಿಡಿ ಅಮ್ಮ, ಪರವಾಗಿಲ್ಲ," ಎಂದೆ, ದಾನಿಯ ಗತ್ತಿನಲ್ಲಿ.

"ಪರವಾಗಿಲ್ಲ ಏನ್ ಬಂತು, ಅವುಗಳ ಜಾಗನೇ ಅಲ್ವಾ," ಎಂದು ತಟ್ಟೆ ಬಗ್ಗಿಸಿದರು.

ಮಳೆ ಬರುವವರೆಗೂ ಮೇಸ್ತ್ರಿಗೆ ಆ ನೀರು ಮುಟ್ಟಲು ಬಿಡಲಿಲ್ಲ. ಗೋಡೆ ಒಣಗಿ ಬಿರುಕು ಬಿಟ್ಟಿತು. ಬಂದವರು ಕಾರಣ ಕೇಳಿದರೆ ಸಿಮೆಂಟು ಸರಿಯಿರಲಿಲ್ಲ ಎನ್ನುತ್ತೇನೆ. ಕಪ್ಪೆಗಾಗಿ ಎಂದರೆ ಹೊಗಳಿಬಿಡುತ್ತಾರೆ. ಅದನ್ನು ಕೇಳಿಸಿಕೊಳ್ಳಲು ನನಗೆ ಮುಖವಿಲ್ಲ.