ಎಂಬತ್ತೊಂಬತ್ತನೆಯ ದಿನ

ಬಣ್ಣದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಬಣ್ಣ ಹೊಂದಿಸಿದವಳು ಅವಳು. ಎಲ್ಲರ ಬಾಯಲ್ಲೂ ಬಣ್ಣದಕ್ಕ. ಗಿರಾಕಿ ಹಳೆಯ ಬಾಗಿಲಿನ ಚಕ್ಕೆಯೊಂದನ್ನು ತಂದುಕೊಟ್ಟರೆ ಸಾಕು, ಕಿಟಕಿಯ ಬೆಳಕಿಗೆ ಹಿಡಿದು, ಬಿಳಿಗೆ ಕಪ್ಪು ಎಷ್ಟು ಹನಿ, ಹಳದಿ ಎಷ್ಟು ಹನಿ ಎಂದು ನಿಂತ ನಿಲುವಿನಲ್ಲೇ ಹೇಳುತ್ತಿದ್ದಳು. ಅವಳ ಕೈಯಲ್ಲಿ ಕಲಿತವರೆಲ್ಲ ಮುಖ್ಯಸ್ಥರಾದರು, ಇವಳು ಅದೇ ಸ್ಟೂಲಿನ ಮೇಲೆ ಉಳಿದಳು. ಅದು ಒಳಗೊಳಗೇ ಕೊರೆಯುತ್ತಿತ್ತು.

ಆ ಕೊರೆತದ ವಾಸನೆ ಹಿಡಿದು ಬಂದವನು ಕೆಲಸ ಕೊಡಿಸುವ ಆಸಾಮಿ. ಜೆರಾಕ್ಸ್ ಅಂಗಡಿಯ ಮೇಲೊಂದು ಕೋಣೆ, ಗಾಜಿನ ಮೇಜು, ತಿರುಗುವ ಕುರ್ಚಿ. ಉಳಿದ ಬಂಡವಾಳವೆಲ್ಲ ನಾಲಿಗೆ. ತಾನು ಜನ್ಮದಲ್ಲಿ ಒಂದು ಕೆಲಸ ನೆಟ್ಟಗೆ ಮಾಡಿದವನಲ್ಲ, ಕಂಡವರಿಗೆಲ್ಲ ಕೆಲಸದ ಉಪದೇಶ ಮಾತ್ರ ಪುಕ್ಕಟೆ.

“ಒಂದೇ ಕಡೆ ಇಪ್ಪತ್ತೆರಡು ವರ್ಷ ಅಂದ್ರೆ ಹೊರಗಿನವರು ಏನಂದ್ಕೋತಾರೆ ಗೊತ್ತಾ ಅಕ್ಕಾ? ಇವಳನ್ನ ಬೇರೆ ಯಾರೂ ಕರೀಲಿಲ್ಲ ಅಂತ. ನಾನು ನಿಮ್ಮನ್ನ ಮುಖ್ಯಸ್ಥೆ ಮಾಡಿಸ್ತೀನಿ. ಇಂಟರ್‌ವ್ಯೂನಲ್ಲಿ ಕೆಲಸ ಏನು ಅಂತ ಮಾತ್ರ ಕೇಳ್ಬೇಡಿ. ಕೆಲಸಕ್ಕೆ ಹೆದರ್ತಾರೆ ಅಂದ್ಕೋತಾರೆ.”

ಎರಡು ಬೂದುಗಳ ನಡುವಿನ ಕೂದಲೆಳೆ ವ್ಯತ್ಯಾಸ ಕಾಣುವವಳಿಗೆ ಇದರಲ್ಲಿ ಏನೂ ಕಾಣಲಿಲ್ಲ. ಮುಖ್ಯಸ್ಥೆ ಎಂಬ ಮೂರಕ್ಷರ ತಲೆಗೇರಿತ್ತು. ಪುಣ್ಯಾತ್ಗಿತ್ತಿ ಕೇಳಲೇ ಇಲ್ಲ.

ಹೊಸ ಜಾಗದಲ್ಲಿ ಗಾಜಿನ ಕೋಣೆ ಸಿಕ್ಕಿತು, ಬಾಗಿಲ ಮೇಲೆ ಹುದ್ದೆಯ ಫಲಕ ಸಿಕ್ಕಿತು. ಕೈಕೆಳಗೆ ಒಂದು ನರಪಿಳ್ಳೆಯೂ ಇಲ್ಲ, ಇದ್ದದ್ದು ಒಂದು ಯಂತ್ರ. ಅದು ಬಣ್ಣ ಓದಿ ಚೀಟಿ ಉಗುಳುವುದು, ಇವಳು ರುಜು ಹಾಕುವುದು. ಒಮ್ಮೆ ಬೂದು ಬಣ್ಣದಲ್ಲಿ ಕೆಂಪಿನ ಛಾಯೆ ಹೆಚ್ಚಾಗಿದ್ದನ್ನು ಕಂಡು ಚೀಟಿಯನ್ನು ತಡೆದಳು. “ಯಂತ್ರ ಸರಿ ಅಂದಿದೆ. ನಿಮ್ಮ ಕಣ್ಣನ್ನ ಯಾರು ಕೇಳಿದ್ರು?” ಎಂದ ಮ್ಯಾನೇಜರ್. ಅವಳು ರುಜು ಹಾಕಿದಳು. ಹಾಕಿದ ಕೈಯನ್ನು ಕಂಡು ಅವಳಿಗೇ ಹೇಸಿಗೆಯಾಯಿತು.

ಪ್ರತಿ ಸೋಮವಾರ ಆಸಾಮಿಯ ಫೋನು ಬರುತ್ತಿತ್ತು. “ಹೊಂದ್ಕೊಳ್ಳಿ ಅಕ್ಕಾ. ಮೂರು ತಿಂಗಳು ಹಲ್ಲು ಕಚ್ಚಿಕೊಂಡಿರಿ, ಆಮೇಲೆ ಎಲ್ಲಾ ಸರಿಹೋಗುತ್ತೆ.” ಒಡಹುಟ್ಟಿದ ತಮ್ಮನೂ ಇಷ್ಟು ವಿಚಾರಿಸಿಕೊಂಡವನಲ್ಲ ಎಂದು ಅವಳು ಗಂಡನೆದುರು ಹೊಗಳಿದ್ದೂ ಉಂಟು.

ಅದೇ ಮಾತನ್ನು ಒಂದು ದಿನ ಆಫೀಸಿನಲ್ಲೂ ಹೇಳಿದಾಗ ಹಾಜರಿ ನೋಡಿಕೊಳ್ಳುವ ಹುಡುಗಿ ನಕ್ಕಳು. “ನಮಗೂ ಫೋನ್ ಮಾಡ್ತಾನೆ ಅಕ್ಕಾ, ಅವರು ಇನ್ನೂ ಇದ್ದಾರಾ ಅಂತ. ನೀವು ತೊಂಬತ್ತು ದಿನ ತುಂಬಿಸಿದ್ರೇನೇ ಅವನಿಗೆ ಕಮಿಷನ್. ಇವತ್ತಿಗೆ ಎಂಬತ್ತೆಂಟು.”

ಹಳೆಯ ಸ್ಟೂಲಿನ ಮೇಲೆ ಆಗಲೇ ಬೇರೊಬ್ಬರು ಕೂತಿದ್ದರು. ಅಲ್ಲಿಗೆ ದಾರಿ ಮುಚ್ಚಿತ್ತು. ಅದು ಗೊತ್ತಿದ್ದೂ ಮರುದಿನ ಬೆಳಿಗ್ಗೆ ರಾಜೀನಾಮೆ ಕೊಟ್ಟಳು. ಅದೇ ಜೆರಾಕ್ಸ್ ಅಂಗಡಿಯಲ್ಲಿ ಒಂದು ಪ್ರತಿ ತೆಗೆಸಿ, ಮೆಟ್ಟಿಲು ಹತ್ತಿ, ಗಾಜಿನ ಮೇಜಿನ ಮೇಲಿಟ್ಟಳು.

ಆಸಾಮಿ ಓದಿದ. ತಿರುಗುವ ಕುರ್ಚಿ ತಿರುಗುವುದನ್ನು ನಿಲ್ಲಿಸಿತು. “ಅಯ್ಯೋ, ಒಂದು ದಿನ ತಡೀರಿ ಅಕ್ಕಾ! ಒಂದೇ ಒಂದು ದಿನ!”

ಅವನ ಬಾಯಿಂದ ಅವಳು ಕೇಳಿದ ಮೊದಲ ಪ್ರಾಮಾಣಿಕ ಮಾತು ಅದು.

“ಹೊಂದ್ಕೊಳ್ಳಿ,” ಎಂದು ಹೇಳಿ ಇಳಿದುಬಂದಳು.

ಈಗ ಅವಳು ಬೀದಿ ಬದಿಯ ಬಣ್ಣದಂಗಡಿಯಲ್ಲಿ ನಿಂತುಕೊಂಡೇ ಡಬ್ಬ ಕಲಸುತ್ತಾಳೆ. ಫಲಕವಿಲ್ಲ, ಸ್ಟೂಲೂ ಇಲ್ಲ, ಕಾಲು ಬಾತುಕೊಳ್ಳುತ್ತದೆ. ಗಿರಾಕಿಗಳು ಚಕ್ಕೆ ಹಿಡಿದು ಅವಳ ಕಣ್ಣನ್ನೇ ಕೇಳಿಕೊಂಡು ಬರುತ್ತಾರೆ. ಹೊಂದಿಕೊಂಡಿರಾ ಅಕ್ಕಾ ಎಂದು ಕೇಳುವ ಫೋನು ಮಾತ್ರ ಮುಂದೆ ಯಾವ ಸೋಮವಾರವೂ ಬರಲಿಲ್ಲ.